ಹನ್ನೆರಡನೇ ಕಂತಿನಲ್ಲಿ ತೀರಿಕೊಂಡ ಮೌಶಿ

ನನ್ನ ಕೈ ಹಿಡಿದು ಬರೆಸುವ ಶಿವನಿಗೂ, ತಾಯಿಯ ತವರಿನ ವಿಠ್ಠಲನಿಗೂ ಮೊದಲು ಶರಣು. ಜಮಖಂಡಿಯಲ್ಲಿ ಕೂತು ಕಾದಂಬರಿ ಬರೆಯುವವನು ನಾನು. ತಂದೆಯದು ಕನ್ನಡದ ಮನೆ, ತಾಯಿಯದು ಮರಾಠಿ ಮನೆ. ಎರಡೂ ಕಡೆಯ ಮಂದಿಯನ್ನು ಕಂಡ ಹಾಗೆ ಬರೆಯುತ್ತೇನೆ. ಕಂಡ ಹಾಗೆ ಬರೆಯುವವನಿಗೆ ಫಜೀತಿ ತಪ್ಪುವುದಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ.

೧. ಚಹಾದ ತಕರಾರು

ರಬಕವಿಯ ಮಗ್ಗದ ಮಾಲಕರೊಬ್ಬರನ್ನು ಹೆಸರು ಬದಲಿಸಿ ಒಂದು ಕಾದಂಬರಿಗೆ ತಂದಿದ್ದೆ. ಪುಸ್ತಕ ಬಂದ ಎಂಟೇ ದಿನಕ್ಕೆ ಅವರು ಅದನ್ನು ಬಗಲಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಕಾಯಪ್ಪಾ ಶಿವಾ ಅಂದುಕೊಂಡೆ. ಅವರು ಸಮಾಧಾನದಿಂದ ಕೂತು, ಪುಟ ತೆಗೆದು ಬೆರಳಿಟ್ಟರು.

"ಸಿಡುಕ ಅಂದೀರಿ, ಖರೆ ಐತಿ. ಹೇಣ್ತಿಗಿ ಅಂಜತಾನ ಅಂದೀರಿ, ಅದೂ ಖರೆ. ಆದ್ರ ನಮ್ಮನಿ ಚಾ ನೀರಿನಂಗ ಇರತೈತಿ ಅಂತ ಯಾಕ ಬರದ್ರಿ? ಮನ್ಯಾಕಿ ಓದ್ಯಾಳ್ರಿ."

ಅವತ್ತೇ ನನ್ನನ್ನು ರಬಕವಿಗೆ ಕರೆದೊಯ್ದರು. ಮನೆಯಾಕೆ ಎದುರಿಗೆ ನಿಂತು ಮೂರು ಕಪ್ಪು ಕುಡಿಸಿದರು. ಎರಡನೇ ಮುದ್ರಣದಲ್ಲಿ ಚಹಾ ಗಟ್ಟಿಯಾಯಿತು. ಮಾಲಕರ ಸಿಡುಕು ಹಾಗೇ ಉಳಿಯಿತು.

೨. ಓದಿ ಹೇಳಿದ್ದು, ಓದದೆ ಬಿಟ್ಟಿದ್ದು

ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳ ತಂಗಿ, ನಮ್ಮ ಮೌಶಿ. ಈಗ ಎಂಬತ್ತು ದಾಟಿದ್ದಾಳೆ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ, ಪುಸ್ತಕದ ಕನ್ನಡ ತಿಳಿಯುವುದೂ ಇಲ್ಲ. ವಾರಪತ್ರಿಕೆಯಲ್ಲಿ ಬರುವ ನನ್ನ ಧಾರಾವಾಹಿಯನ್ನು ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಮರಾಠಿಯಲ್ಲಿ ಅವಳಿಗೆ ಹೇಳುವುದು ನನ್ನ ಸೇವೆ.

ಆ ಕಥೆಯಲ್ಲೂ ಒಬ್ಬ ಮೌಶಿ. ಅದೇ ಕಚ್ಚೆ ಸೀರೆ, ಅದೇ ಅಡಿಕೆ ಕುಟ್ಟುವ ಕಲ್ಲು, ಅದೇ ಬಾಯಿ. ಹನ್ನೆರಡನೇ ಕಂತಿನಲ್ಲಿ ಆಕೆ ತೀರಿಕೊಂಡಳು. ಕಥೆ ಹಾಗೆ ಕೇಳುತ್ತಿತ್ತು. ಓದಿ ಹೇಳುವಾಗ ಮಾತ್ರ ಜ್ವರ ಬಂದು ಇಳಿಯಿತು ಎಂದು ಮುಗಿಸಿಬಿಟ್ಟೆ, ದೇವರು ಕ್ಷಮಿಸಲಿ. ಪಕ್ಕದ ಮನೆಯಾಕೆ ಕ್ಷಮಿಸಲಿಲ್ಲ. ಮರುದಿನ ಗೋಡೆಯಾಚೆಯಿಂದ ನಮ್ಮ ಮೌಶಿಗೇ, ಕಥೆಯ ಮೌಶಿ ಸತ್ತದ್ದು ಓದಿ ಅತ್ತೂ ಅತ್ತೂ ಸಾಕಾಯಿತು ಅಂದಳು.

ಮೌಶಿ ಚೀಲ ತುಂಬಿದಳು. ಸಾಂಗಲಿಯ ಅಣ್ಣನ ಮಗಳ ಮನೆಗೆ ಹೋಗುತ್ತಾಳಂತೆ, ತಿರುಗಿ ಬರುವುದಿಲ್ಲವಂತೆ. ಅವಳಿಲ್ಲದ ಮನೆ ನನಗೆ ಗೊತ್ತೇ ಇಲ್ಲ. ಕಾಲಿಗೆ ಬಿದ್ದು, ಅದು ಬರೀ ಕಥೆ ಎಂದೆ.

"ಸತ್ತಾಕಿಗಿ ಈ ಮನ್ಯಾಗೇನು ಕೆಲಸ? ನಾ ಹೋದ ಮ್ಯಾಲ ಛಂದಾಗಿ ತಿಥಿ ಬರಿ" ಅಂದಳು.

೩. ಮುಧೋಳದ ಬುತ್ತಿ

ಮರುದಿನ ಬೆಳಿಗ್ಗೆ ಮೌಶಿ ಚೀಲ ಹಿಡಿದು ಕಟ್ಟೆಯ ಮೇಲೆ ಆಟೋಗೆ ಕಾಯುತ್ತ ಕೂತಳು. ಆಟೋ ಬಂತು. ಅದರಿಂದ ಮುಧೋಳದ ನಮ್ಮ ದೂರದ ಬಳಗದವರು ಇಳಿದರು: ಒಬ್ಬ ಹಿರಿಯರು, ಮೂವರು ಹೆಂಗಸರು, ದೊಡ್ಡದೊಂದು ರೊಟ್ಟಿ ಬುತ್ತಿ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಬಳಗದವರು ಬುತ್ತಿ ತರುವುದು ನಮ್ಮ ಕಡೆಯ ಪದ್ಧತಿ.

ಅವರು ಮೌಶಿಯನ್ನು ಎಂದೋ ಒಂದು ಮದುವೆಯಲ್ಲಿ ನೋಡಿದ್ದಷ್ಟೇ. ಚೀಲ ಹಿಡಿದ ಮುದುಕಿಯೂ ತಮ್ಮ ಹಾಗೆ ದುಃಖಕ್ಕೆ ಬಂದವಳೆಂದು ತಿಳಿದು ಹೆಂಗಸರು ಅವಳ ಕೊರಳು ತಬ್ಬಿ ಅಳತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ನನ್ನ ಬೆನ್ನು ಸವರಿದರು.

"ಸಮಾಧಾನ ಮಾಡ್ಕೋ ತಮ್ಮಾ. ಪತ್ರಿಕೆದಾಗ ಓದಿದ್ವಿ, ನೀ ಇಲ್ಲದ್ದು ಬರಿಯಾಂವಲ್ಲ. ಇಂಥಾ ಸುದ್ದಿ ಫೋನಿನ್ಯಾಗ ಕೇಳಬಾರದಂತ ನಾವ ಬಂದ್ವಿ. ಬೀಳಗಿ ಬಳಗದವರೂ ಹಿಂದ ಬರಾಕತ್ತಾರ."

ನಮ್ಮಲ್ಲಿ ಅಳುವುದೆಂದರೆ ಸತ್ತವರ ಗುಣ ಎಣಿಸಿ ಅಳುವುದು. ತಾಯಿಯಿಲ್ಲದ ಕೂಸನ್ನು ಎದೆಗವಚಿಕೊಂಡಳು, ಮರಾಠಿ ಮನೆಯಿಂದ ಬಂದು ಕನ್ನಡದ ಮನೆ ಬೆಳಗಿದಳು, ಹಸಿದು ಬಂದವರನ್ನು ಹಾಗೇ ಕಳಿಸಲಿಲ್ಲ ಎಂದು ಅವರು ಅತ್ತರು. ಎಲ್ಲ ನಾನೇ ಬರೆದದ್ದು. ಆದರೆ ಅವರ ಕಣ್ಣೀರಿನಲ್ಲಿ ಕೇಳಿದಾಗ ಮೌಶಿಗೂ ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ಹೌದ್ರೀ, ಭಾಳ ಛಲೋ ಹೆಂಗಸು" ಅಂದಳು. "ಮತ್ತೇನೇನು ಗುಣ ಇದ್ದೂ ಆಕಿವು? ಹೇಳ್ರಿ, ಹೇಳ್ರಿ."

ಅಷ್ಟರಲ್ಲಿ ನಾನು ನಡುವೆ ನುಗ್ಗಿದೆ. ಇವಳೇ ನಮ್ಮ ಮೌಶಿ ಎಂದೆ. ಹೆಂಗಸರ ಕೈಗಳು ಅವಳ ಕೊರಳಲ್ಲೇ ನಿಂತವು. ಮೌಶಿ ಮೆಲ್ಲಗೆ ಅವನ್ನು ಬಿಡಿಸಿ, ಆಟೋದವನನ್ನು ಕಳಿಸಿ, ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಝುಣಕ ಬಡಿಸಿದಳು. ತಾನೂ ಒಂದು ತುತ್ತು ಮುರಿದಳು. ನಾನು ಅಂಜುತ್ತಲೇ, ಸಾಂಗಲಿಗೆ ಯಾವಾಗ ಎಂದು ಕೇಳಿದೆ.

"ಈಗ ಹೆಂಗ ಹೋಗ್ಲಿ?" ಅಂದಳು ಮೌಶಿ. "ಬೀಳಗಿಯವರು ಇನ್ನೂ ಅಳಾಕ ಬರಬೇಕಲ್ಲೋ."

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮ ಮನೆಯಲ್ಲೂ ಹಿರಿಯರು ಹೀಗೇ ಜಗಳಾಡುತ್ತ ನೂರು ವರ್ಷ ಇರಲಿ. ಆ ಶಿವ, ಆ ವಿಠ್ಠಲ ಇಬ್ಬರೂ ನಿಮ್ಮನ್ನು ಕಾಯಲಿ.