ಬಂದೂಕಿನ ವಾರಸುದಾರ

ನನ್ನನ್ನು ನೋಡಿದವರು ಯಾರೂ ನನ್ನ ಮನೆಯಲ್ಲಿ ಬಂದೂಕು ಇತ್ತೆಂದರೆ ನಂಬುವುದಿಲ್ಲ. ತಪ್ಪು ಅವರದಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದ, ಸಂಜೆ ತಿರುಗಾಡಲು ಹೊರಟರೆ ಬೀದಿನಾಯಿಗೆ ದಾರಿ ಬಿಟ್ಟು ಆ ಕಡೆಯ ರಸ್ತೆಗೆ ದಾಟುವ, ಬಚ್ಚಲಲ್ಲಿ ಹಲ್ಲಿ ಕಂಡರೆ ಸ್ನಾನವನ್ನೇ ಮುಂದೂಡುವ ಮನುಷ್ಯ ನಾನು. ಬಂದೂಕು ಇಟ್ಟುಕೊಂಡವರಿಗೆ ಇರಬೇಕಾದ ಮೀಸೆಯೂ ನನಗಿಲ್ಲ. ಒಮ್ಮೆ ಬಿಟ್ಟಿದ್ದೆ. ಹೆಂಡತಿ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, "ಏನ್ರಿ, ಮೂಗಿನ ಕೆಳಗ ಏನೋ ಹತ್ತೇತಿ ನೋಡ್ರಿ" ಅಂದಳು. ಅವತ್ತೇ ತೆಗೆದುಬಿಟ್ಟೆ. ಆದರೂ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ಒಂದು ಬಂದೂಕು ಇತ್ತು. ಅದು ನಮ್ಮ ಅಪ್ಪನದು. ಈಗ ಅಪ್ಪ ಇಲ್ಲ, ಬಂದೂಕು ಪೊಲೀಸ್ ಠಾಣೆಯಲ್ಲಿದೆ, ಮತ್ತು ಅದರ ದೆಸೆಯಿಂದ ಇಲಕಲ್ಲಿನಲ್ಲಿರುವ ನನ್ನ ಒಬ್ಬಳೇ ಅಕ್ಕನ ಮನೆಗೂ ನಮ್ಮ ಮನೆಗೂ ಹೋಗಿ ಬರುವುದು ನಿಂತಿದೆ. ನನಗೆ ಅಕ್ಕ ಬೇಕು. ಅದನ್ನು ಹೇಳಿಕೊಳ್ಳಲೆಂದೇ ಕೂತಿದ್ದೇನೆ.

ಕೆರೂರಿನ ಹತ್ತಿರ ನಮ್ಮ ಹೊಲ. ಗೋವಿನಜೋಳ ತೆನೆ ಹಿಡಿಯುವ ಹೊತ್ತಿಗೆ ಕಾಡುಹಂದಿಗಳು ಬರುತ್ತಿದ್ದವು. ಬೆಳೆ ಕಾಯಲಿಕ್ಕೆ ಅಂತ ಅಪ್ಪ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಬಂದೂಕು ತಂದಿದ್ದ. ಕೊರಳಲ್ಲಿ ಲಿಂಗ ಕಟ್ಟಿದವನು, ಪಕ್ಕದ ಮನೆಯಲ್ಲಿ ಮೊಟ್ಟೆ ಬೆಂದರೆ ನಮ್ಮ ಮನೆಯ ಕಿಟಕಿ ಮುಚ್ಚಿಸುವವನು, ಹಂದಿ ಹೊಡೆದು ಏನು ಮಾಡಿಯಾನು? ಆಕಾಶಕ್ಕೆ ಹಾರಿಸುತ್ತಿದ್ದ. ಹಂದಿಗಳು ಮೊದಲನೆಯ ವರ್ಷ ಓಡಿದವು, ಎರಡನೆಯ ವರ್ಷ ತಲೆಯೆತ್ತಿ ನೋಡಿದವು, ಮೂರನೆಯ ವರ್ಷ ನೋಡುವುದನ್ನೂ ಬಿಟ್ಟವು. ಅಪ್ಪ ಮಾತ್ರ ಲೈಸೆನ್ಸ್ ನವೀಕರಿಸುವುದನ್ನು ಬಿಡಲಿಲ್ಲ. ಮೊಣಕಾಲು ಸೋತು ಹೊಲವನ್ನು ಲಾವಣಿಗೆ, ಗೇಣಿಗೆ ಅನ್ನಿ, ಕೊಟ್ಟು ನಮ್ಮಲ್ಲಿಗೆ ಬಂದಾಗ ಒಂದು ಟ್ರಂಕು, ಹಳೆಯ ಧೋತರದಲ್ಲಿ ಸುತ್ತಿದ ಬಂದೂಕು, ಇಷ್ಟೇ ಅವನ ಸಾಮಾನು. ಟ್ರಂಕಿಗೆ ಜಾಗ ಸಿಕ್ಕಿತು. ಬಂದೂಕಿಗೆ ಸಿಗಲಿಲ್ಲ. ಮಂಚದ ಕೆಳಗೆ ಇಟ್ಟರೆ ಹೆಂಡತಿ ಆ ಕೋಣೆಯ ಕಸವನ್ನೇ ಗುಡಿಸುತ್ತಿರಲಿಲ್ಲ, ಗಾದಿಗಳ ನಡುವೆ ಇಟ್ಟರೆ ಬಂದ ಬೀಗರಿಗೆ ಹಾಸುವಾಗ ಹೊರಗೆ ಬಂದು ಮುಖ ತೋರಿಸುತ್ತಿತ್ತು. ಕೊನೆಗೆ ಬೀಗ ಹಾಕುವ ಕಪಾಟಿನೊಳಗೆ, ಆಕೆಯ ಮದುವೆಯ ಸೀರೆಗಳ ಪಕ್ಕದಲ್ಲಿ ನಿಂತಿತು.

ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಜಮಾ ಮಾಡಿ ರಸೀದಿ ತರಬೇಕು, ಮುಗಿದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ನನ್ನ ಸ್ಕೂಟರಿನ ಹಿಂದೆ ಅಪ್ಪ ಮಡಿ ಧೋತರ ಉಟ್ಟು, ತಲೆಗೆ ಪಟಕಾ ಸುತ್ತಿ, ಬಂದೂಕು ನೆಟ್ಟಗೆ ಹಿಡಿದು ಕೂರುತ್ತಿದ್ದ. ನನ್ನ ಜೀವಮಾನದಲ್ಲಿ ಲಾರಿಯವರು ನನಗೆ ದಾರಿ ಬಿಟ್ಟದ್ದು ಆ ದಿನಗಳಲ್ಲಿ ಮಾತ್ರ. ಠಾಣೆಯ ಹವಾಲ್ದಾರರು, "ಬರ್ರಿ ಅಜ್ಜಾರ, ಈ ಸಲ ಏನ ಹೊಡದ್ರಿ?" ಎಂದು ಕೇಳುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ.

ಬಂದೂಕಿನ ವಿಷಯದಲ್ಲಿ ಮನೆಯಲ್ಲಿ ಒಮ್ಮತ ಎಂದೂ ಇರಲಿಲ್ಲ. ಅಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ಇಲಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದಾರೆ. ಅವರ ಪ್ರಕಾರ ಬಂದೂಕು ಇರುವುದು ಹಾರಿಸಲಿಕ್ಕಲ್ಲ, ಗೋಡೆಗೆ ತೂಗುಹಾಕಲಿಕ್ಕೆ. "ಮನ್ಯಾಗ ಬಂದೂಕ ಐತಿ ಅಂತ ಗೊತ್ತಾದ್ರ ಸಾಕು, ಮಂದಿ ಮಾತು ತೂಕ ಮಾಡಿ ಆಡ್ತಾರ" ಎನ್ನುತ್ತಿದ್ದರು. ಗಿರಾಕಿಯ ಮುಂದೆ ಬಾಯಿ ಬಿಟ್ಟರೆ ಸೀರೆ ಮಾರಿಯೇ ಮುಚ್ಚುವ ಅವರಿಗೆ ಬಂದೂಕು ಯಾಕೆ ಬೇಕಿತ್ತೋ ತಿಳಿಯದು. ನನ್ನ ಹೆಂಡತಿಯದು ಬೇರೆಯೇ ವಾದ. "ಸಿಟ್ಟು ಬರೂ ಮನಷಾರು ಇರೂ ಮನ್ಯಾಗ ಬಂದೂಕ ಇರಬಾರದು" ಎಂದಳು. ಇಲ್ಲಿ ಸಿಟ್ಟು ಯಾರಿಗೆ ಬರುತ್ತದೆ ಎಂದು ಕೇಳಿದೆ. "ನನಗ" ಎಂದಳು. ಆಮೇಲೆ ಸುಮಾರು ಎರಡು ವಾರ ನಾನು ಪಲ್ಯದಲ್ಲಿ ಉಪ್ಪು ಹೆಚ್ಚಾದ ಸಂಗತಿಯನ್ನು ಎತ್ತಲಿಲ್ಲ. ನನ್ನ ಅಭಿಪ್ರಾಯ ಏನೆಂದರೆ, ಎದುರಿಗೆ ಕೂತವರ ಅಭಿಪ್ರಾಯವೇ ನನ್ನದು. ಮಾಸ್ತರಿಕೆಯಲ್ಲಿ ಹೆಡ್‌ಮಾಸ್ತರರ ಮುಂದೆ ಬೆಳೆದುಬಂದ ಗುಣ ಅದು.

ಅಪ್ಪನ ಬಂದೂಕಿಗೆ ಒಂದೇ ಒಂದು ಶಿಕಾರಿಯ ಕಥೆ ಇತ್ತು. ಅದನ್ನು ಮಾಮಾ ಹೇಳುತ್ತಿದ್ದರು, ಅಪ್ಪ ಎಂದೂ ಹೇಳಲಿಲ್ಲ. ಮಾಳಪ್ಪ ಎಂಬ ಕುರುಬರ ಗೆಳೆಯ ಒಬ್ಬರಿದ್ದರು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ಅವರ ಕುರಿಗಳನ್ನು ನಮ್ಮ ಹೊಲದಲ್ಲಿ ನಿಲ್ಲಿಸುವುದು ವರ್ಷವೂ ನಡೆದ ವಾಡಿಕೆ. ಹೆಸರಿಗೆ ಗೊಬ್ಬರ, ನಿಜವಾಗಿ ಇಬ್ಬರೂ ಬೇವಿನ ಮರದ ಕೆಳಗೆ ಕೂತು ಎಂಟು ಹತ್ತು ದಿನ ಎಲೆಅಡಿಕೆ ಹಾಕಿಕೊಳ್ಳುತ್ತ ಮಾತಾಡುವುದೇ ಅದರ ಸುಖ. ಒಂದು ವರ್ಷ ತೋಳ ಬಂದು ಎರಡು ಮರಿಗಳನ್ನು ಒಯ್ದಿತು. ಅಪ್ಪ ಬಂದೂಕು ತೆಗೆದು, ಬೆಳಕು ಹರಿಯುವಾಗ ಒಡ್ಡಿನ ಮೇಲೆ ನಿಂತಿದ್ದ ತೋಳವನ್ನು ಒಂದೇ ಏಟಿಗೆ ಕೆಡವಿದ. ಆಕಾಶ ಬಿಟ್ಟು ಬೇರೆ ಯಾವುದಕ್ಕೂ ಗುರಿಯಿಟ್ಟು ಗೊತ್ತಿಲ್ಲದ ಅಪ್ಪನಿಗೆ ಗುರಿ ಸಿಕ್ಕದ್ದು ಅವತ್ತೊಂದೇ ಸಲ. "ನಮ್ಮ ಮಾವನೋರು ತ್ವಾಳ ಹೊಡದಾರ" ಎಂದು ಮಾಮಾ ಪ್ರತಿ ಮದುವೆ ಮುಂಜಿಯಲ್ಲಿ ಶುರು ಮಾಡಿದರೆ ಅಪ್ಪ ಎದ್ದು ಹೋಗುತ್ತಿದ್ದ. ವಿನಯ ಅಂದುಕೊಂಡಿದ್ದೆವು. ಆ ವರ್ಷದಿಂದ ಮಾಳಪ್ಪ ನಮ್ಮ ಹೊಲಕ್ಕೆ ಬರಲಿಲ್ಲ. ಬೇರೆ ಒಳ್ಳೆಯ ಹೊಲ ಸಿಕ್ಕಿರಬೇಕು ಅಂದುಕೊಂಡೆವು. ಅಂದುಕೊಳ್ಳುವುದರಲ್ಲಿ ನಮ್ಮ ಮನೆತನ ಬಹಳ ಚುರುಕು.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ. "ಬೇಟಿ" ಅನ್ನುತ್ತಿದ್ದ. ಎಡಗೈ ಎತ್ತಿ ಕಿಟಕಿಯ ಕಡೆಗೆ, ಕೆರೂರು ಇರುವ ದಿಕ್ಕಿಗೆ ತೋರಿಸುತ್ತಿದ್ದ. ಬಹಳ ಹೆಣಗಿದರೆ ಅದರ ಮುಂದೆ ಇನ್ನೊಂದು ಶಬ್ದ ಹೊರಡುತ್ತಿತ್ತು: "ಒಮ್ಮಿ... ಬೇಟಿ." ನಮ್ಮ ಕಡೆ ಬೇಟೆಗೆ ಬೇಟಿ ಅಂತಲೇ ಅನ್ನುವುದು. ಅಪ್ಪನಿಗೆ ಹಳೆಯ ಶಿಕಾರಿ ನೆನಪಾಗಿದೆ, ಜೀವ ಅದಕ್ಕೇ ಎಳೆಯುತ್ತಿದೆ ಎಂದು ನನಗೆ ಹೊಳೆಯಿತು. ಹಲ್ಲಿಗೆ ಹೆದರುವ ನಾನು ಕಪಾಟು ತೆಗೆದು, ಬಂದೂಕು ಹೊರತಂದು, ಎಣ್ಣೆ ಹಚ್ಚಿ ಒರೆಸಿ, ಅವನ ಮಗ್ಗುಲಲ್ಲಿ ಮಲಗಿಸಿದೆ. ಅಪ್ಪ ಕಣ್ಣು ಮುಚ್ಚಿದ. ನೀರು ಬಂತು. "ನೋಡ, ಎಷ್ಟ ಸಮಾಧಾನ ಆತು" ಎಂದು ಹೆಂಡತಿಗೆ ಹೇಳಿದೆ. ಹನ್ನೆರಡು ದಿನ ಅವನು ಬೇಟಿ ಎಂದಾಗಲೆಲ್ಲ ನಾನು ಬಂದೂಕು ತಂದೆ. ಇಲಕಲ್ಲಿನಿಂದ ಮಾಮಾ ಬಂದು, ತಲೆದಿಂಬಿನ ಹತ್ತಿರ ಕೂತು, ಕೈಕಾಲು ಆಡಿಸುತ್ತ ತೋಳದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ದಣಿದಿದ್ದಾನೆ ಅಂದೆವು. ಕೊನೆಯ ದಿನ ಎಡಗೈಯಿಂದ ಬಂದೂಕನ್ನು ನೂಕಿದ. ಅದು ನೆಲಕ್ಕೆ ಬಿತ್ತು. ನಾನು ಎತ್ತಿ, ಒರೆಸಿ, ಮತ್ತೆ ಅವನ ಪಕ್ಕದಲ್ಲಿಯೇ ಇಟ್ಟೆ.

ಅಪ್ಪ ತೀರಿದ ಮೇಲೆ, ಶಿವಗಣಾರಾಧನೆಯ ದಿನ ಬೀಗರೆಲ್ಲ ಕೂತಿರುವಾಗ ಮಾಮಾ, ಬಂದೂಕನ್ನು ತಮ್ಮ ಹೆಸರಿಗೆ ಮಾಡಿಕೊಡಬೇಕೆಂದು ಕೇಳಿದರು. "ನೀ ಹಲ್ಲಿಗೆ ಅಂಜಾಂವ, ನಿನಗ್ಯಾಕೋ ಬಂದೂಕ?" ಎಂದರು. ನಾಲ್ಕು ಜನ ನಕ್ಕರು. ಒಂಬತ್ತು ವರ್ಷ ಅದು ಯಾವಾಗ ಮನೆ ಬಿಟ್ಟು ಹೋದೀತು ಎಂದು ಕಾದ ನಾನು ಆ ನಗು ಕೇಳಿದ್ದೇ ಎದ್ದು ನಿಂತೆ. "ನಮ್ಮಪ್ಪನ ಕಡೀ ಮಾತು ಬೇಟಿ ಅಂತ ಇತ್ತು. ಅಂವ ಸಾಯೂಮುಂದ ಬಂದೂಕ ತಂದು ಇಟ್ಟಾಂವ ನಾ. ನಿಮಗ ತೋರಿಕಿಗೆ ಬೇಕು, ನನಗ ಅದು ಅಪ್ಪನ ಜೀವ" ಎಂದೆ. ಇನ್ನೂ ಏನೇನೋ ಅಂದೆ. ಸೀರೆ ಅಂಗಡಿಯ ಗೊಂಬೆಯ ಕೈಗೆ ಕೊಡುತ್ತೀರೇನು ಎಂದು ಕೂಡ ಅಂದೆ. ಮಾಮಾ ಕಾರು ಹತ್ತಿದರು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಹಿಂದೆ ಹೋದಳು. ಬಂದೂಕು ನನ್ನ ಹೆಸರಿಗೆ ಆಗಬೇಕಾದರೆ ಅಕ್ಕನ ಒಪ್ಪಿಗೆ ಪತ್ರ ಬೇಕು, ಅವರ ಹೆಸರಿಗೆ ಆಗಬೇಕಾದರೆ ನನ್ನದು ಬೇಕು. ಹೀಗಾಗಿ, ಲೈಸೆನ್ಸಿನವನು ಹೋದ ಮೇಲೆ ಜಮಾ ಮಾಡಿದ ಬಂದೂಕು ಠಾಣೆಯಲ್ಲೇ ಕೂತಿತು. ನಾವು ನಮ್ಮ ನಮ್ಮ ಮನೆಗಳಲ್ಲಿ ಕೂತೆವು.

ಒಂದೂವರೆ ತಿಂಗಳಾದ ಮೇಲೆ ಮಾಳಪ್ಪ ಕಾಕಾ ಮಾತಾಡಿಸಲು ಬಂದರು. ಕುರಿ ಹೊಡೆದುಕೊಂಡು ದೂರ ಹೋಗಿದ್ದರಿಂದ ಸುದ್ದಿ ತಡವಾಗಿ ಮುಟ್ಟಿತ್ತು. ಕುರ್ಚಿ ಕೊಟ್ಟರೂ ನೆಲಕ್ಕೇ ಕೂತರು. ಹೆಂಡತಿ ಚಹಾ ತಂದಳು. ಅವರು ಕುಡಿಯದೆ ಬಟ್ಟಲು ಹಿಡಿದುಕೊಂಡು, "ಕಡೀಕ ಏನರ ಅಂದ್ರೇನ್ರಿ ಮಾಸ್ತರ?" ಎಂದು ಕೇಳಿದರು.

"ಬ್ಯಾರೆ ಮಾತ ಇಲ್ಲ ಕಾಕಾ. ಬೇಟಿ, ಬೇಟಿ ಅಂತಿದ್ದ. ನಾ ಬಂದೂಕ ತಂದು ಮಗ್ಗಲದಾಗ ಇಡತಿದ್ದೆ" ಎಂದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ನನ್ನ ಮುಖವನ್ನೇ ನೋಡಿದರು. "ಬಂದೂಕ ತಂದು ಇಟ್ರ್ಯಾ?"

"ಹೂಂ."

"ಮಾಸ್ತರ, ನಿಮ್ಮಪ್ಪಾರು ಎರಡ ವರ್ಷದಿಂದ ಕೆರೂರ ಸಂತಿಗೆ ಬರೂ ಮಂದಿ ಕೂಡ ಹೇಳಿ ಕಳಸ್ತಿದ್ರು. ಮಾಳ್ಯಾಗ ಹೇಳ್ರಿ, ಒಮ್ಮಿ ಬೇಟಿ ಆಗೂಣು ಅಂತ. ನನಗ ಸಿಟ್ಟಿತ್ತು, ನಾ ಬರಲಿಲ್ಲ."

ಚಹಾ ಆರುತ್ತಿತ್ತು. ಅವರು ನಿಧಾನವಾಗಿ ಹೇಳಿದರು. ತೋಳ ಹೊಡೆಯಬೇಡಿ ಎಂದು ಅವರು ಅಪ್ಪನ ಕೈ ಹಿಡಿದಿದ್ದರಂತೆ. "ನಮ್ಮ ದೇವರು ಬೀರಪ್ಪ ಕುರಿ ಕೊಡೂಮುಂದ ತ್ವಾಳಕ್ಕೂ ಒಂದ ಪಾಲು ಇಟ್ಟಾನ್ರಿ. ಅದರ ಪಾಲು ಅದು ಒಯ್ತಿತ್ತು. ಅದಕ್ಕ ನಿಮ್ಮಪ್ಪಾರು, ನನ್ನ ಹೊಲದಾಗ ನಿನ್ನ ಮರಿ ಹೋದ್ರ ನಾ ಊರಾಗ ಮಾರಿ ಹ್ಯಾಂಗ ತೋರಸಲಿ ಅಂದ್ರು. ನನ್ನ ಮ್ಯಾಲಿನ ಪ್ರೀತೀಲೇ ಹೊಡದ್ರು, ಅದೂ ಖರೆ. ಹೋಗಿ ನೋಡಿದ್ರ ಹೆಣ್ಣು. ಮಲಿ ತುಂಬ ಹಾಲ ಇತ್ತು. ನಾ ನನ್ನ ಕಂಬಳಿ ಅದರ ಮ್ಯಾಲ ಹೊಚ್ಚಿ ಕುರಿ ಎಬ್ಬಿಸಿಕೊಂಡು ಹೋದೆ. ನಿಮ್ಮಪ್ಪಾರು ಅಲ್ಲೇ ಕುಂತಿದ್ರು." ತೋಳ ಹೊಡೆಯುವುದು ಅಪರಾಧ, ಕಾನೂನು ಕೂಡ ಮಾಳಪ್ಪನ ಕಡೆಗೇ ಇತ್ತು ಎಂಬುದು ಅವತ್ತು ಇಬ್ಬರಿಗೂ ಗೊತ್ತಿರಲಿಲ್ಲ.

ನಾವು ಈ ಕಡೆಯವರು ಬೇಟೆಗೂ ಬೇಟಿ ಅನ್ನುತ್ತೇವೆ, ಭೇಟಿಗೂ ಬೇಟಿ ಅನ್ನುತ್ತೇವೆ. ಅದರ ಕೊನೆಯ ಎಕಾರ ನಮ್ಮ ಬಾಯಲ್ಲಿ ಇಕಾರವಾಗುತ್ತದೆ, ಇದರ ಮೊದಲಿನ ಮಹಾಪ್ರಾಣಕ್ಕೆ ಬೇಕಾದ ಉಸಿರು ನಮ್ಮಲ್ಲಿ ಹೊರಡುವುದಿಲ್ಲ. ಭಕಾರದ ಹೊಟ್ಟೆ ಸೀಳದ ಮಕ್ಕಳಿಗೆ ಮೂವತ್ತೊಂದು ವರ್ಷ ಅರ್ಧ ಅರ್ಧ ಅಂಕ ಕಡಿದಿದ್ದೇನೆ. ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಗೆಳೆಯನನ್ನು ಒಮ್ಮೆ ನೋಡಬೇಕೆಂದ ಅಪ್ಪನಿಗೆ, ಆ ಗೆಳೆತನವನ್ನು ಕೊಂದ ಬಂದೂಕನ್ನೇ ದಿನವೂ ಒರೆಸಿ ಒರೆಸಿ ತಂದು ತೋರಿಸಿದೆನಲ್ಲ. ಅವನು ಅತ್ತರೆ ಸಮಾಧಾನವಾಯಿತು ಅಂದೆನಲ್ಲ. ಮಾಳಪ್ಪ ಕಾಕಾನ ಮುಂದೆ ನಾನು ಸಣ್ಣ ಹುಡುಗನ ಹಾಗೆ ಅತ್ತೆ.

"ತಪ್ಪು ನಿಮ್ಮದಲ್ಲರಿ ಮಾಸ್ತರ" ಎಂದರು ಅವರು ಏಳುತ್ತ. "ನಿಮಗ ತಿಳೀಲಿಲ್ಲ. ನನಗ ತಿಳದಿತ್ತು."

ಮರುದಿನವೇ ನಾನು ಬಂದೂಕು ಮಾಮಾನ ಹೆಸರಿಗೆ ಆಗಲು ನನ್ನ ಅಡ್ಡಿಯಿಲ್ಲ ಎಂದು ಒಪ್ಪಿಗೆ ಪತ್ರ ಮಾಡಿಸಿದೆ. ಬಂದೂಕನ್ನು ಶಿವಯೋಗ ಮಂದಿರದ ಹತ್ತಿರ ಮಲಪ್ರಭೆಗೆ ಎಸೆಯಬೇಕೆಂದು ಒಂದು ಕಾಲಕ್ಕೆ ಹಟ ಹಿಡಿದಿದ್ದ ಹೆಂಡತಿಯೇ, "ಅದು ಎಲ್ಲೆರ ಹಾಳಾಗಿ ಹೋಗಲಿ, ಅಕ್ಕಾರ ಮನಿ ಹಾದಿ ತೆರೀಲಿ. ಪೋಸ್ಟಿಗೆ ಹಾಕಬ್ಯಾಡ್ರಿ, ಕೈಯಾರೆ ಕೊಟ್ಟ ಬರ್ರಿ" ಎಂದಳು. ಬಸ್ಸು ಹತ್ತಿದೆ. ಅಮೀನಗಡದಲ್ಲಿ ಇಳಿದು ಅಕ್ಕನಿಗೆಂದು ಒಂದು ಡಬ್ಬಿ ಕರದಂಟು ಕೊಂಡು, ಇನ್ನೊಂದು ಬಸ್ಸು ಹಿಡಿದೆ. ಹುನಗುಂದ ದಾಟುವವರೆಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಇಲಕಲ್ಲಿನಲ್ಲಿ ಮಾಮಾನ ಅಂಗಡಿಯ ಎದುರಿಗೆ ಬಂದಾಗ ಪಾಠ ಮರೆತುಹೋಗಿತ್ತು. ಅಂಗಡಿಯಲ್ಲಿ ಗಿರಾಕಿ ತುಂಬಿದ್ದರು. ರಸ್ತೆಯ ಈಚೆ ಚಹಾದಂಗಡಿಯಲ್ಲಿ ನಿಂತು ಒಂದು ಚಹಾ ಕುಡಿದೆ. ಇನ್ನೊಂದು ಕುಡಿದೆ. ಅಷ್ಟರಲ್ಲಿ ಮಾಮಾ ತಲೆಯೆತ್ತಿದರು. ನನ್ನನ್ನು ನೋಡಿದರು, ಅನುಮಾನವೇ ಇಲ್ಲ. ನೋಡಿ, ಒಂದು ಮಾತು ಕರೆಯದೆ, ಫೋನು ಕಿವಿಗೆ ಹಿಡಿದು ಒಳಕ್ಕೆ ತಿರುಗಿದರು. ಮತ್ತೆ ಸೀರೆ ಬಿಚ್ಚಿ ತೋರಿಸುವುದರಲ್ಲಿ ಮುಳುಗಿದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಬಂದವನಿಗೆ ಇಷ್ಟೇ ಮರ್ಯಾದೆ ಎಂದುಕೊಂಡು, ಒಪ್ಪಿಗೆ ಪತ್ರ ಜೇಬಿನಲ್ಲೇ ಇಟ್ಟುಕೊಂಡು ಬಸ್ ನಿಲ್ದಾಣಕ್ಕೆ ನಡೆದುಬಿಟ್ಟೆ.

ಸಂಜೆ ಅಕ್ಕನ ಫೋನು ಬಂತು. ಅಪ್ಪನ ಕಾರ್ಯ ಆದ ಮೇಲೆ ಅದೇ ಮೊದಲು.

"ಇವತ್ತ ಊರಿಗೆ ಬಂದಿದ್ಯೇನೋ ತಮ್ಮಾ?" ಎಂದಳು. "ಇವರು ಅಂಗಡಿಯಿಂದ ಫೋನ್ ಮಾಡಿದ್ರು. ನಿನ್ನ ತಮ್ಮ ಎದುರಿಗೆ ಚಾದಂಗಡ್ಯಾಗ ನಿಂತಾನ, ಗಿರಾಕಿ ಕಳಿಸಿ ಮನಿಗೆ ಕರಕೊಂಡ ಬರ್ತೇನಿ, ಎರಡ ರೊಟ್ಟಿ ಹೆಚ್ಚಿಗಿ ಬಡಿ ಅಂದ್ರು. ಹೊರಗ ಬಂದು ನೋಡಿದ್ರ ನೀ ಇಲ್ಲಂತ. ಎಲ್ಲೆರ ಹೋಗ್ಯಾನ, ಬರ್ತಾನ ಅಂತ ಮನಿಗೆ ಬಂದು ಮೂರ ಗಂಟಿತನಕ ಹಾದಿ ನೋಡಿದ್ರು. ಆಮ್ಯಾಲ ಉಣ್ಣದ ಹಂಗ ಅಂಗಡಿಗೆ ಹೋದ್ರು."

ಮೂರು ಗಂಟೆಗೆ ನಾನು ಅಮೀನಗಡದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಅವರ ಸೊಕ್ಕನ್ನು ಮನಸ್ಸಿನಲ್ಲೇ ಬಯ್ಯುತ್ತ, ಅಕ್ಕನಿಗೆಂದು ಕೊಂಡ ಕರದಂಟಿನ ಡಬ್ಬಿ ತೆಗೆದು, ಒಂದೊಂದೇ ತುಂಡು ತಿಂದು ಮುಗಿಸುತ್ತಿದ್ದೆ.