ಅಚ್ಚುಮೊಳೆಯವರಿಗೆ ಪದಕ

ಪುಕ್ಕಲರ ತಲೆಗೇ ಜವಾಬ್ದಾರಿ ಬಂದು ಕೂರುತ್ತದೆ. ನನ್ನ ಪಾಲಿಗಂತೂ ಇದು ತಪ್ಪಿದ್ದೇ ಇಲ್ಲ. ಹಾಸನದಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡಿದ್ದೇನೆ. ಮುದ್ರಕರ ಸಂಘದ ಕಾರ್ಯದರ್ಶಿಯೂ ನಾನೇ.

೧. ಹಾಸನ

ಮುದ್ರಣದ ಇತಿಹಾಸದ ನೆನಪಿಗೆ ಪದಕ ಮಾಡಿಸಿ, ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಹಿರಿಯರಿಗೆ ಕೊಡೋಣ ಎಂದು ಸಂಘ ತೀರ್ಮಾನಿಸಿತು. ನಡುವೆ ಕಾಲಲ್ಲಿ ತುಳಿಯುವ ಟ್ರೆಡಲ್ ಅಚ್ಚುಯಂತ್ರ, ಕೆಳಗೆ ‘ಮುದ್ರಣ ಪರಂಪರೆಗೆ ನಮನ’. ಏನಾದರೂ ತಪ್ಪಾದರೆ ಎಲ್ಲರೂ ನನ್ನನ್ನೇ ಹುರಿದು ಮುಕ್ಕುತ್ತಾರೆಂಬ ಹೆದರಿಕೆ. ಮಾದರಿ ಪದಕದ ಫೋಟೊ ಬಂದಾಗ, ಒಬ್ಬನೇ ನೋಡುವ ಧೈರ್ಯ ಸಾಲದೆ, ಮೊಳೆ ಜೋಡಿಸುತ್ತಿದ್ದ ಹಳೇ ಕಂಪೋಸಿಟರ್‌ಗಳನ್ನೆಲ್ಲ ಕರೆಸಿದೆ. ಅವರು ಸರಾಗವಾಗಿ ಓದಿದರು. ನಾನೂ ಓದಿದೆ.

"ಒಂದು ಕೊಂಬೂ ತಪ್ಪಿಲ್ಲ ಕಣ, ಅಚ್ಚು ಆಕ್ಲಿ ಅನ್ನು," ಎಂದರು ಅವರಲ್ಲೊಬ್ಬರು.

ಆವತ್ತು ನೆಮ್ಮದಿಯಿಂದ ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಹೆಂಡತಿ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

೨. ಅರಕಲಗೂಡು

ಸಮಾರಂಭದ ಹಿಂದಿನ ದಿನ, ಓಡಾಡಲಾಗದ ಹಿರಿಯರೊಬ್ಬರಿಗೆ ಮನೆಗೇ ಹೋಗಿ ಪದಕ ಕೊಟ್ಟೆ. ಅವರ ಸೊಸೆ ಅದನ್ನು ಹಿಡಿದು ನೋಡಿ, "ಸಾ, ಅಕ್ಸರ ಎಲ್ಲಾ ಕನ್ನಡೀಲಿ ಕಂಡಂಗೆ ಉಲ್ಟಾ ಅವಲ್ಲ?" ಎಂದಳು.

ಪದಕ ಇಸಿದುಕೊಂಡು ನೋಡಿದೆ. ಹೌದು! ಅಚ್ಚಿನ ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಆಯುಸ್ಸೆಲ್ಲ ಅದನ್ನೇ ಓದಿದ ನಮಗೆ ಯಾರಿಗೂ ಪದಕ ಉಲ್ಟಾ ಅಂತ ಅನ್ನಿಸಿರಲೇ ಇಲ್ಲ.

ಹಿರಿಯರು ಮಲಗಿದ್ದಲ್ಲಿಂದಲೇ ಸೊಸೆಯನ್ನು ಗದರಿದರು: "ನೆಟ್ಟಗೇ ಅದೆ ಕಣವ್ವಾ. ಬಿ.ಎ. ಓದಿವ್ನಿ ಅಂತೀಯ, ಇಷ್ಟು ಓದಕ್ಕೆ ಬರಕಿಲ್ವಾ?"

೩. ಚನ್ನರಾಯಪಟ್ಟಣ

ಮರುದಿನ ಇಲ್ಲೇ ಸಮಾರಂಭ. ಬೇರೆ ಮಾಡಿಸಲು ಹೊತ್ತಿರಲಿಲ್ಲ. ಮುಖ್ಯ ಅತಿಥಿ ನಿವೃತ್ತ ಪ್ರಾಂಶುಪಾಲರು. ಅವರ ಸಿಟ್ಟು ಇಡೀ ತಾಲ್ಲೂಕಿಗೇ ಗೊತ್ತು. ತುಂಬಿದ ಸಭೆಯಲ್ಲಿ ನನ್ನ ಮಾನ ಹೋಗುವುದು ಖಂಡಿತ ಎಂದು ವೇದಿಕೆಯ ಮೇಲೆ ನಡುಗುತ್ತ ನಿಂತಿದ್ದೆ.

ಮೊದಲ ಪದಕ ಪಡೆದ ಅಜ್ಜ ಅದರ ಮೇಲಿದ್ದುದನ್ನು ಮೈಕಿನಲ್ಲಿ ಸರಾಗವಾಗಿ ಓದಿಯೇಬಿಟ್ಟರು. ಚಪ್ಪಾಳೆ ಬಿತ್ತು. ಪ್ರಾಂಶುಪಾಲರು ಎರಡನೆಯದನ್ನು ಕೈಗೆತ್ತಿಕೊಂಡರು. ಕನ್ನಡಕ ಒರೆಸಿದರು. ಮತ್ತೆ ನೋಡಿದರು. ಮುಖ ಬಿಳಿಚಿಕೊಂಡು ನನ್ನ ಕಿವಿಗೆ ಬಗ್ಗಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ರೀ, ಹೋದ ವಾರ ಕಣ್ಣಿನ ಪೊರೆ ತೆಗೆಸಿದೆ. ಕೆಟ್ಟೋಯ್ತು ಅನ್ಸುತ್ತೆ, ಅಕ್ಷರ ಉಲ್ಟಾ ಕಾಣ್ತಿದೆ. ಯಾರಿಗೂ ಹೇಳ್ಬೇಡಿ. ಹಾಸನದ ಆಸ್ಪತ್ರೆಗೆ ಹೋಗ್ಬೇಕು, ಗಾಡಿ ತರಿಸಿ!"

ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಬಚಾವು. ಆದರೆ ಆ ಕೈ ನೋಡಿ ಮನಸ್ಸು ತಡೆಯಲಿಲ್ಲ.

"ಸಾ, ನಿಮ್ಮ ಕಣ್ಣು ಚೆನ್ನಾಗೈತೆ. ಪದಕಾನೇ ಉಲ್ಟಾ," ಎಂದು ಕಣ್ಣು ಮುಚ್ಚಿಕೊಂಡೆ.

ಬೈಗುಳ ಬರಲಿಲ್ಲ. ಮೆಲ್ಲಗೆ ಕಣ್ಣು ಬಿಟ್ಟೆ. ಪ್ರಾಂಶುಪಾಲರು ಮೈಕಿನ ಬಳಿಯಿದ್ದ ಅಜ್ಜನನ್ನೇ ದಿಟ್ಟಿಸುತ್ತಿದ್ದರು.

"ಗಾಡಿ ಬರ್ಲಿ ಕಣ್ರೀ," ಎಂದರು. "ಪಾಪ, ಅವರಿಗೆ ನೆಟ್ಟಗೆ ಕಾಣುತ್ತಂತೆ. ಮೊದಲು ಅವರ ಕಣ್ಣು ತೋರಿಸಿ!"