ಬರ್ತೀನಂದ ಕಾವಲುಗಾರ

ಆರು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ ಒಡಹುಟ್ಟಿದ ತಮ್ಮ ಒಂದು ದಿನ ಬಿಳೂರಿನಿಂದ ಮೋಟಾರ್‌ಸೈಕಲ್ ಹೊಡೆದುಕೊಂಡು ಬಂದು ನಮ್ಮ ಮನೆ ಬಾಗಿಲಲ್ಲಿ ನಿಂತ. ನಿಂತವನು ಮೊದಲು ಏನಂದಿರಬೇಕು, ಊಹಿಸಿ ನೋಡೋಣ. ‘ಹೆಂಗದಿ ಅಣ್ಣಾ’ ಅಂತ? ಅಲ್ಲ. ‘ತಪ್ಪಾತು’ ಅಂತ? ಅದಂತೂ ಅಲ್ಲವೇ ಅಲ್ಲ, ಯಾಕಂದರೆ ತಪ್ಪು ನನ್ನದಿತ್ತು. ಇರಲಿ, ಊಹಿಸುತ್ತಿರಿ. ನಿವೃತ್ತನಾಗಿ ಕಂಪ್ಯೂಟರ್ ಮುಂದೆ ಕೂತ ಮೇಲೆ ನನಗೆ ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಬಂದಿದೆ.

ತಪ್ಪು ಏನೆಂದರೆ, ಮಗಳ ಲಗ್ನಪತ್ರಿಕೆ. ನಮ್ಮ ಗಡಿ ಸೀಮೆಯಲ್ಲಿ ಪತ್ರಿಕೆಗೆ ಎರಡು ಮಗ್ಗಲು. ಒಂದು ಕನ್ನಡ, ಇನ್ನೊಂದು ಮರಾಠಿ. ಕನ್ನಡದ ಮಗ್ಗಲಲ್ಲಿ ತಮ್ಮನ ಹೆಸರಿತ್ತು, ಮರಾಠಿ ಮಗ್ಗಲಲ್ಲಿ ಬಿಟ್ಟುಹೋಗಿತ್ತು. ಅವನು ಪತ್ರಿಕೆಯನ್ನು ಒಮ್ಮೆ ಹೀಗೆ ನೋಡಿದ, ಒಮ್ಮೆ ಹಾಗೆ ತಿರುವಿ ನೋಡಿದ. “ನಾ ಕನ್ನಡದಾಗಷ್ಟ ನಿನ್ನ ತಮ್ಮೇನು? ಮರಾಠಿಯೊಳಗ ಯಾರೂ ಅಲ್ಲೇನು?” ಅಂದ. ಪ್ರೆಸ್ಸಿನವರ ತಪ್ಪು ಅಂದೆ ನಾನು. ಆವತ್ತಿನಿಂದ ಮಾತು ನಿಂತಿತು.

ನಾನು ಆಗಿನ್ನೂ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಸ್ಸು ಬಂತು ಹೋಯಿತು ಅಂತ ಮೈಕಿನಲ್ಲಿ ಎರಡೂ ಭಾಷೆಯಲ್ಲಿ ಕೂಗುವವನು. ಬಿ.ಎ. ಓದಿ ಕೂಗುವ ಕೆಲಸವೇ ಅಂತ ಕೇಳುವವರಿದ್ದರು, ಆದರೆ ನನಗೆ ಮೊದಲಿನಿಂದಲೂ ಮಾತಿನ ಚಟ, ಮೈಕು ಸಿಕ್ಕರೆ ಕೇಳಬೇಕೆ? ತಮ್ಮ ಸ್ಟ್ಯಾಂಡಿಗೆ ಬಂದಾಗ ಬಿಳೂರಿನ ಬಸ್ಸನ್ನು ಇನ್ನಷ್ಟು ಅಕ್ಕರೆಯಿಂದ ಕೂಗುತ್ತಿದ್ದೆ. ಅಣ್ಣ ಕೂಗಿದ ಬಸ್ಸು ಅಂತ ಅವನು ಅದನ್ನು ಹತ್ತದೆ, ಹೊರಗೆ ನಡೆದು, ಟಮಟಮ್ ರಿಕ್ಷಾ ಹಿಡಿದು ಹೋಗುತ್ತಿದ್ದ.

ಮುದುಕಿಯ ಊಟ

ನಿವೃತ್ತನಾದಾಗ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟು, ಅದರಲ್ಲೊಂದು ಆಟ ಹಾಕಿದಳು. ನಾನು ಇಸ್ಪೀಟು ಇರಬಹುದು ಅಂದುಕೊಂಡೆ. ಅಲ್ಲ. ಒಂದು ಕೋಟೆ ಊರು, ಸುತ್ತ ವೈರಿಗಳ ದಂಡು. ನಾವು ಆ ಕೋಟೆಯ ಹೆಬ್ಬಾಗಿಲು ಕಾಯುವವರು. ಒಳಗೆ ಕಾಳು ಕಡಿಮೆ. ಬೆಳಗಾದರೆ ಬಾಗಿಲ ಮುಂದೆ ಜನ. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು, ನಾವೇ ಹೇಳಬೇಕು. ಹೇಳಿದ್ದಕ್ಕೆ ಒಮ್ಮೆ ಮರುದಿನವೇ, ಒಮ್ಮೆ ಎಂಟು ಹತ್ತು ದಿನ ಬಿಟ್ಟು ಫಲ ಬರುತ್ತದೆ. ಮಜಾ ಏನೆಂದರೆ ಈ ಆಟದಲ್ಲಿ ಪೂರ್ತಿ ಸರಿ ಅನ್ನುವ ಉತ್ತರವೇ ಇಲ್ಲ. ಸ್ಟ್ಯಾಂಡಿನಲ್ಲೂ ಹೀಗೆಯೇ, ಓಡಿಬರುವ ಬಾಣಂತಿಗಾಗಿ ಬಸ್ಸು ನಿಲ್ಲಿಸಿದರೆ ಒಳಗೆ ಕೂತ ಐವತ್ತು ಜನ ಬೈಯುತ್ತಿದ್ದರು, ನಿಲ್ಲಿಸದಿದ್ದರೆ ನನ್ನ ಮನಸ್ಸೇ ಬೈಯುತ್ತಿತ್ತು. ಮೂವತ್ತು ವರ್ಷ ಇದನ್ನೇ ಮಾಡಿದವನಿಗೆ ಆಟ ಎರಡೇ ದಿನದಲ್ಲಿ ಹತ್ತಿಬಿಟ್ಟಿತು.

ಒಂದು ಮುಂಜಾನೆ ಬಾಗಿಲಿಗೆ ಒಬ್ಬ ಮುದುಕಿ ಬಂದಳು. ಅವಳು ತೋರಿಸಿದ ಪರವಾನಗಿ ಚೀಟಿ ಖೊಟ್ಟಿ ಇತ್ತು. ನಿಯಮದ ಪ್ರಕಾರ ಹೊರಗೆ ಕಳಿಸಿದೆ. ಹಿಂದೆ ನಿಂತು ಕಾಳು ಹಸನು ಮಾಡುತ್ತಿದ್ದ ನನ್ನ ಹೆಂಡತಿ ಅದನ್ನು ನೋಡಿ ಮೊರ ಎತ್ತಿಕೊಂಡು ಒಳಗೆ ನಡೆದಳು. ಮಧ್ಯಾಹ್ನ ತಾಟಿನಲ್ಲಿ ಬರೀ ರೊಟ್ಟಿ ಬಂತು. ಪಲ್ಯ ಎಲ್ಲಿ ಅಂತ ಕೇಳಿದರೆ, ಆ ಮುದುಕಿ ಏನು ಹಚ್ಚಿಕೊಂಡು ಉಂಡಳು ಅಂತ ನನ್ನನ್ನೇ ಕೇಳಿದಳು.

ಸರಿ, ಆಟ ಹಿಂದಕ್ಕೆ ಒಯ್ದು ಮುದುಕಿಯನ್ನು ಒಳಗೆ ಬಿಟ್ಟೆ. ಒಂಬತ್ತನೇ ದಿನಕ್ಕೆ ಮುದುಕಿ ವೈರಿಗಳ ಗೂಢಚಾರಿಣಿ ಅಂತ ಗೊತ್ತಾಯಿತು. ಬಾಗಿಲ ಅಗಳಿ ತೆಗೆದಳು, ದಂಡು ಒಳಗೆ ನುಗ್ಗಿತು, ಊರಿಗೆ ಊರೇ ಉರಿದುಹೋಯಿತು. ನಾನು ದೊಡ್ಡ ಗೆಲುವಿನಿಂದ ಹೆಂಡತಿಯನ್ನು ಕರೆದು, ನೋಡು ನಿನ್ನ ಮುದುಕಿ ಮಾಡಿದ ಕೆಲಸ, ಅಂತ ತೋರಿಸಿದೆ.

ಅವಳು ಉರಿಯುವ ಊರನ್ನು ಸಮಾಧಾನದಿಂದ ನೋಡಿ ಅಂದಳು: “ಊರು ಸುಟ್ಟಿದ್ದು ಖರೇ. ಆದ್ರ ಮುದುಕಿ ಉಂಡು ಹೋದಳಲ್ರಿ.”

ಶೇಗಾಂವದ ಸಲಹೆ

ಪಕ್ಕದ ಹಳ್ಳಿ ಶೇಗಾಂವದ ಕುರಿಗಾರ ಒಬ್ಬ ನನ್ನ ಹಳೆಯ ಗೆಳೆಯ. ನಮ್ಮ ಓಣಿಯ ಹಿಂದಿನ ಬೀಳಿನಲ್ಲಿ ಕುರಿ ಬಿಟ್ಟು ಚಹಾಕ್ಕೆ ಬರುತ್ತಾನೆ. ಅವನು ಬಂದ ಹೊತ್ತಿಗೆ ಆಟದಲ್ಲೂ ಒಬ್ಬ ಕುರಿಗಾರ ಹನ್ನೆರಡು ಕುರಿಗಳ ಸಮೇತ ಬಾಗಿಲಿಗೆ ನಿಂತಿದ್ದ. ಮನುಷ್ಯನನ್ನು ಬಿಡು ಅಥವಾ ಕುರಿಗಳನ್ನು ಬಿಡು, ಎರಡನ್ನೂ ಬಿಡುವಂತಿಲ್ಲ, ಇದು ಆಟದ ಷರತ್ತು. ಒಬ್ಬನ ಜೀವ ದೊಡ್ಡದೋ ಊರಿನ ಹೊಟ್ಟೆ ದೊಡ್ಡದೋ ಅಂತ ನಾನು ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೆ.

ಗೆಳೆಯ ಚಹಾ ಬಸಿಗೆ ಸುರುವಿಕೊಂಡು, ಪರದೆಯ ಮೇಲಿನ ಕುರಿಗಳನ್ನು ಒಂದೊಂದಾಗಿ ನೋಡಿ, ಅದರಲ್ಲೊಂದಕ್ಕೆ ಕಾಲು ನೋವಿದೆ ಅಂದ. ಆಮೇಲೆ, “ಕುರಿ ಬಿಡ್ರಿ ಒಳಗ. ಕುರಿ ಒಳಗ ಹೋದ್ರ ಅಂವಾ ಹೊರಗ ಇರ್ತಾನೇನು? ಹೆಂಗರೆ ಮಾಡಿ ಗ್ವಾಡಿ ಹಾರಿ ಬರ್ತಾನ,” ಅಂದ.

ಬಿಟ್ಟೆ. ಮರುದಿನ ಆಟದಲ್ಲಿ ಕುರಿಗಾರ ಒಳಗೇ ಇದ್ದ, ಕುರಿಗಳ ನಡುವೆ ಕಂಬಳಿ ಹೊದ್ದು ಕೂತಿದ್ದ.

ಈ ಆಟ ಆಡುವವರು ಎಲ್ಲೆಲ್ಲಿಯೋ ಇದ್ದಾರೆ. ಅವರೆಲ್ಲ ಹರಟುವ ಒಂದು ಜಾಗ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಇದನ್ನು ಬರೆದೆ. ವರ್ಷಗಟ್ಟಲೆ ಆಡಿದ ಒಬ್ಬ ಪಂಡಿತ, ಮನುಷ್ಯನೂ ಕುರಿಯೂ ಉಳಿಯುವ ಈ ದಾರಿ ನಮಗೆ ಯಾರಿಗೂ ಸಿಕ್ಕಿಲ್ಲ, ಯಾವ ಗೈಡಿನಲ್ಲಿದೆ ಅಂತ ಕೇಳಿದ. ಶೇಗಾಂವದಲ್ಲಿ ಅಂತ ಬರೆದೆ. ಎರಡು ದಿನ ಬಿಟ್ಟು ಅವನಿಂದ ಉತ್ತರ ಬಂತು: ಆ ವೆಬ್‌ಸೈಟು ಎಷ್ಟು ಹುಡುಕಿದರೂ ತೆರೆಯುತ್ತಿಲ್ಲ.

ಕಾಗದ ತೋರಿಸು

ಇಷ್ಟಾದ ಮೇಲೆ ಸುಮ್ಮನಿರಲಾಗಲಿಲ್ಲ, ಒಂದು ಬ್ಲಾಗು ಶುರುಮಾಡಿದೆ. ನಮ್ಮ ಕಡೆ ವೇಷ ಕಟ್ಟಿ ಸೋಂಗು ಹಾಕುತ್ತಾರಲ್ಲ, ಹಾಗೆ. ಬಣ್ಣ ಹಚ್ಚುವುದಿಲ್ಲ, ಬರೆಯುವುದಷ್ಟೇ. ನಾನು ಆ ಕೋಟೆಯ ಕಾವಲುಗಾರನಾಗಿ ಕನ್ನಡದಲ್ಲಿ ಬರೆಯುತ್ತೇನೆ. ಓದುವವರು ಆ ಊರಿನ ಕಮ್ಮಾರನಾಗಿಯೋ ವಿಧವೆಯಾಗಿಯೋ ವೈರಿ ಸಿಪಾಯಿಯಾಗಿಯೋ ನನಗೆ ಪತ್ರ ಹಾಕುತ್ತಾರೆ. ಕಾವಲುಗಾರ ಉತ್ತರ ಕೊಡುತ್ತಾನೆ. ನನ್ನ ಹೆಸರು ಕೆಳಗೆ ಸಣ್ಣದಾಗಿ ಇರುತ್ತದೆ.

ಒಮ್ಮೆ ಸೋನ್ಯಾಳದ ರೈತರೊಬ್ಬರು ಬರೆದರು: ಬಾಗಿಲ ಹೊರಗೆ ನಿಂತಿದ್ದೇನೆ, ಒಳಗೆ ಬಿಡಬೇಕು. ನಾನು ಮೀಸೆ ತಿರುವಿ, “ಯಾರು ನೀನು? ಎಲ್ಲಿಯವನು? ಕಾಗದ ತೋರಿಸು,” ಅಂತ ಗದರಿಸಿದೆ. ಸೋಂಗು ಬಹಳ ಚಲೋ ಬಂದಿದೆ ಅಂತ ನನಗೆ ನಾನೇ ಹಿಗ್ಗಿದೆ.

ಹತ್ತು ನಿಮಿಷದಲ್ಲಿ ಕಾಗದ ಬಂತು. ಆಧಾರ್ ಕಾರ್ಡಿನ ಎರಡೂ ಮಗ್ಗಲು, ರೇಷನ್ ಕಾರ್ಡು, ಹೊಲದ ಪಹಣಿ, ಅಂದರೆ ನಮ್ಮ ಕಡೆಯ ಸಾತಬಾರಾ ಉತಾರ. ಜೊತೆಗೆ, ಫೋಟೋ ಎರಡು ಸಾಕೋ ಮೂರು ಬೇಕೋ ಅಂತ ಒಂದು ಪ್ರಶ್ನೆ.

ಗಾಬರಿಯಾಗಿ ಎಲ್ಲ ಅಳಿಸಿಹಾಕಿದೆ. ಆದರೆ ಮನಸ್ಸಿಗೆ ಚುರುಕ್ ಅಂದಿತು. ಬಾಗಿಲು ಯಾವುದು, ಒಳಗೆ ಏನಿದೆ ಅಂತಲೂ ಕೇಳದೆ ಕಾಗದ ತೆಗೆದು ಹಿಡಿಯುವಷ್ಟು ಸರಕಾರಿ ಕಚೇರಿ ಕಿಡಕಿಗಳ ಮುಂದೆ ಈ ಮನುಷ್ಯ ನಿಂತಿದ್ದಾನೆ. ಹಿಂದೆ ಮುಂದೆ ನೋಡದೆ, “ನಿನಗೆ ಬಾಗಿಲು ತೆರೆದಿದೆ, ಒಳಗೆ ಬಾ ಅಣ್ಣಾ,” ಅಂತ ಬರೆದೆ.

ಕೂಡಲೇ ಉತ್ತರ ಬಂತು: “ಉಪಕಾರ ಆತ್ರಿ ಸಾಹೇಬ್ರ. ಒಳಗ ಬಂದೋರಿಗೆ ಯಾವ ಯೋಜನಾ ಸಿಗ್ತೈತ್ರಿ?”

ತಮ್ಮ ಬಂದ

ಈಗ ತಮ್ಮನ ವಿಷಯ. ಆಟದ ಕೊನೆಗೆ ಒಂದು ಪ್ರಸಂಗ ಬರುತ್ತದೆ. ಕಾವಲುಗಾರನ ಸ್ವಂತ ತಮ್ಮನೇ ಬಾಗಿಲಿಗೆ ಬರುತ್ತಾನೆ. ಬಿಟ್ಟರೆ ಊರವರು ಕಾವಲುಗಾರನನ್ನು ನಂಬುವುದಿಲ್ಲ, ಬಿಡದಿದ್ದರೆ ತಮ್ಮ ಇನ್ನೆಂದೂ ಬರುವುದಿಲ್ಲ. ನಾನು ಬಿಡಲಿಲ್ಲ. ಆಮೇಲೆ ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಮೂರನೇ ದಿನ, ಬುಧವಾರ, ಬ್ಲಾಗಿನಲ್ಲಿ ಕಾವಲುಗಾರ ತಮ್ಮನಿಗೆ ಪತ್ರ ಬರೆದ: “ತಮ್ಮಾ, ನೀನು ಹೊರಗೆ ನಿಂತಾಗ ಅಗಳಿ ನನ್ನ ಕೈಯಲ್ಲೇ ಇತ್ತು. ತೆರೆಯಬಹುದಿತ್ತು, ತೆರೆಯಲಿಲ್ಲ. ನಿಯಮದ ತಪ್ಪು ಅಂತ ಊರಿಗೆಲ್ಲ ಹೇಳಿದೆ. ನಿಯಮದ್ದಲ್ಲ, ನನ್ನದು. ಬರ್ತೀನಿ.”

ಕೊನೆಯ ಮಾತು ರೂಢಿಯದು. ಹೊರಡುವಾಗ ‘ಹೋಗ್ತೀನಿ’ ಅಂತ ನಮ್ಮಲ್ಲಿ ಯಾರೂ ಅನ್ನುವುದಿಲ್ಲ, ಅಪಶಕುನ. ‘ಬರ್ತೀನಿ’ ಅಂತಲೇ ಹೊರಡುವುದು. ಪತ್ರ ಮುಗಿಯಿತು ಅನ್ನುವುದಕ್ಕೆ ಕಾವಲುಗಾರ ಹಾಗೆ ಬರೆದ, ಅಷ್ಟೇ.

ಅದನ್ನು ಯಾರೋ ಬಿಳೂರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಕೆಳಗೆ ನನ್ನ ಹೆಸರು ಬೇರೆ. ತಮ್ಮ ಓದಿದ. ಕೋಟೆ, ಕಾವಲುಗಾರ ಏನೂ ಅವನ ಕಣ್ಣಿಗೆ ಬೀಳಲಿಲ್ಲ. ‘ತಮ್ಮಾ’ ಅನ್ನುವುದು ಕಂಡಿತು, ‘ನನ್ನದು’ ಅನ್ನುವುದು ಕಂಡಿತು, ‘ಬರ್ತೀನಿ’ ಅನ್ನುವುದು ಕಂಡಿತು. ಹೆಂಡತಿಗೆ ಹೋಳಿಗೆ ಮಾಡಲು ಹೇಳಿ ಗುರುವಾರ ದಾರಿ ಕಾದ. ಶುಕ್ರವಾರ ಕಾದ. ಶನಿವಾರ ಕಾದ. ರವಿವಾರವೂ ಕಾದು, ಮರುದಿನ ಮಧ್ಯಾಹ್ನ ಬಂದು ನಮ್ಮ ಬಾಗಿಲಲ್ಲಿ ನಿಂತು ಆರು ವರ್ಷದ ಮೇಲೆ ಮೊದಲ ಮಾತು ಆಡಿದ:

“ಬರ್ತೀನಂತ ಬರದು, ಬರಲಾರದ ಕುಂತೀಯಲ್ಲ, ನಾಚಿಗಿ ಬರೂದಿಲ್ಲೇನು ನಿನಗ? ಹೋಳಿಗಿ ಎಮ್ಮಿಗಿ ಹಾಕಿದ್ವಿ.”

ಊಹಿಸಿದ್ದಿರಾ? ನನಗೂ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಬುಧವಾರದ ಪತ್ರ ನೆನಪಾಯಿತು. ಸುಮ್ಮನಿದ್ದರೆ ತಮ್ಮ ಸಿಗುತ್ತಾನೆ, ಆದರೆ ನಾನು ಕೇಳದ ಕ್ಷಮೆಗೆ ಸಿಗುತ್ತಾನೆ. ನಿಜ ಹೇಳಿದರೆ ಬಂದ ಹಾದಿಯಲ್ಲೇ ಹೋಗುತ್ತಾನೆ, ಈ ಸಲ ಜನ್ಮಕ್ಕಾಗುವಷ್ಟು ದೂರ. ಆಟದಲ್ಲಾದರೆ ಸೇವ್ ಮಾಡಿಕೊಂಡು ಎರಡನ್ನೂ ಆಡಿ ನೋಡುತ್ತಿದ್ದೆ. ಇಲ್ಲಿ ತಮ್ಮ ಹೊಸ್ತಿಲ ಮೇಲೆ ಒಂದು ಕಾಲು ಇಟ್ಟು ನಿಂತಿದ್ದ.

ಬಾಯಿಗೆ ನಿಜವೇ ಬಂತು. “ಅದನ್ನ ಬರದವ ನಾ ಅಲ್ಲೋ. ಆಟದಾಗಿನ ಕಾವಲುಗಾರ ಅಂವಾ. ಅವನ ತಮ್ಮಗ ಬರದಾನ,” ಅಂದೆ. ಆಟ, ಬ್ಲಾಗು, ಸೋಂಗು ಎಲ್ಲ ತೊದಲುತ್ತ ಬಿಡಿಸಿ ಹೇಳಿದೆ. ಸಂಜೆಯ ಅಡಿಗೆಗೆ ಹಿಟ್ಟು ಸಾಣಿಸುತ್ತಿದ್ದ ಹೆಂಡತಿ ಅಡಿಗೆಮನೆ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಿದ್ದಳು.

ತಮ್ಮ ಹೊಸ್ತಿಲ ಮೇಲಿನ ಕಾಲು ತೆಗೆಯಲೂ ಇಲ್ಲ, ಇನ್ನೊಂದು ಕಾಲು ಇಡಲೂ ಇಲ್ಲ. ಆಮೇಲೆ ಅಂದ: “ಹಂಗಂದ್ರ ಅಂವಾ ನಿನಕಿಂತಾ ಶ್ಯಾಣ್ಯಾ ಇದ್ದಾನ. ಅವನ್ನ ಕರಿ. ಅವನ ಜೋಡಿನ ಮಾತಾಡ್ತೀನಿ.”

ಅವನು ನಗಲಿಲ್ಲ. ಕರೆಯದೆ ನನಗೆ ದಾರಿ ಇರಲಿಲ್ಲ. ಅರವತ್ತೆರಡು ವರ್ಷದ ನಾನು, ಹೆಂಡತಿಯ ಎದುರು, ಹಾಡುಹಗಲಲ್ಲಿ, ಎದೆ ಸೆಟೆಸಿ ಕಾವಲುಗಾರನಾಗಿ ನಿಂತೆ. ನಿಂತದ್ದೇ ತಡ, ಆರು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಸಲೀಸಾಗಿ ಹೊರಗೆ ಬಂತು. ಪತ್ರಿಕೆಯ ಪ್ರೂಫು ಪ್ರೆಸ್ಸಿನವರು ತೋರಿಸಿದ್ದರು. ಮರಾಠಿ ಮಗ್ಗಲಲ್ಲಿ ನಿನ್ನ ಹೆಸರಿಲ್ಲದ್ದು ಕಣ್ಣಿಗೆ ಬಿದ್ದಿತ್ತು. ಇನ್ನೊಮ್ಮೆ ಪ್ರೆಸ್ಸಿಗೆ ಯಾರು ಹೋಗಬೇಕು ಅಂತ ಬೇಸರ ಮಾಡಿದೆ. ತಮ್ಮನೇ ಅಲ್ಲವೆ, ತಿಳಿದುಕೊಳ್ಳುತ್ತಾನೆ ಅಂತ ಸಹಿ ಹಾಕಿ ಕೊಟ್ಟೆ.

ತಮ್ಮ ಕೇಳಿದ. ಒಳಗೆ ಬಂದು ಚಾಪೆಯ ಮೇಲೆ ಕೂತ. ಕಾವಲುಗಾರನಿಗೆ, “ನೀ ಚಲೋ ಮನಷ್ಯಾ ಇದ್ದಿ. ಈ ಮನ್ಯಾಗ ಒಬ್ಬ ಕಂಟ್ರೋಲರ್ ಅದಾನ, ಅವಗೂ ಒಂದೀಟು ಬುದ್ಧಿ ಹೇಳು,” ಅಂದ. ಆಮೇಲೆ ಅತ್ತಿಗೆಗೆ ಕೇಳುವಂತೆ, “ವೈನೀ, ಹಸಿವ್ಯಾಗೇತ್ರಿ,” ಅಂದ.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಿಸಿ ರೊಟ್ಟಿ ಬಡಿದಳು. ಝುಣಕ, ಮೊಸರು, ಶೇಂಗಾ ಹಿಂಡಿ. ತಮ್ಮ ನಾಲ್ಕು ರೊಟ್ಟಿ ಉಂಡ, ನಾನು ಮೂರು. ಹೆಂಡತಿಯೂ ನಮ್ಮ ಜೊತೆಗೇ ಕೂತು ಉಂಡಳು. ಕೈ ತೊಳೆದು, ನೀರು ಕುಡಿದು, ತಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದವನು ಹಾಗೆಯೇ ನಿಂತ. ನಾನು ನೋಡಿದೆ. ಹೆಂಡತಿ ನೋಡಿ ಬಾಯಿಗೆ ಸೆರಗು ಮುಚ್ಚಿಕೊಂಡಳು. ತಿಳಿವಳಿಕೆ ಬಂದಾಗಿನಿಂದ ನಮ್ಮ ಮನೆತನದಲ್ಲಿ ಯಾರೂ ಹೊತ್ತು ಮುಳುಗುವ ಮೊದಲು ತುತ್ತು ಮುಟ್ಟದ ದಿನ ಅದು. ಶ್ರಾವಣದ ಎರಡನೇ ಸೋಮವಾರ.